ಶೀತಲ ಸಮರ ಇಲ್ಲದಿದ್ದರೆ ಅಮೆರಿಕದ ಕಪ್ಪು ಜನರಿಗೆ ನಾಗರಿಕ ಹಕ್ಕುಗಳು ದಕ್ಕುತ್ತಿದ್ದವೇ?

ಪ್ರಶ್ನೆ – ಇತಿಹಾಸದ ಅಧ್ಯಾಪಕಿ

ಶಿವಮೊಗ್ಗ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವಳು ನಾನು. ಎರಡನೆಯ ಮಹಾಯುದ್ಧದ ನಂತರದ ಅಮೆರಿಕವನ್ನು ನಾನು ಇಷ್ಟು ವರ್ಷ ಎರಡು ಬೇರೆ ಬೇರೆ ಪಾಠಗಳಾಗಿ ಹೇಳಿಕೊಂಡು ಬಂದಿದ್ದೇನೆ. ಟ್ರೂಮನ್ ನೀತಿ, ಕೊರಿಯಾ, ಕ್ಯೂಬಾ, ವಿಯೆಟ್ನಾಂ ಎಲ್ಲವೂ ಒಂದರಲ್ಲಿ. ಬಸ್ಸಿನಲ್ಲಿ ಕಪ್ಪು ಜನರನ್ನು ಬೇರೆ ಆಸನಗಳಲ್ಲಿ ಕೂರಿಸುವುದರ ವಿರುದ್ಧ ನಡೆದ ಮಾಂಟ್ಗೊಮರಿಯ ಬಸ್ ಬಹಿಷ್ಕಾರ, ಮಾರ್ಟಿನ್ ಲೂಥರ್ ಕಿಂಗ್, 1964ರ ನಾಗರಿಕ ಹಕ್ಕುಗಳ ಕಾಯ್ದೆ ಎಲ್ಲವೂ ಇನ್ನೊಂದರಲ್ಲಿ. ಕಳೆದ ವಾರ ಎರಡನೆಯ ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. ಅಲಬಾಮಾದ ಸೆಲ್ಮಾ ಊರಿನಲ್ಲಿ ಮತದಾನದ ಹಕ್ಕು ಕೇಳಿ ಹೊರಟವರ ಮೇಲೆ ಪೊಲೀಸರು ಲಾಠಿ ಬೀಸಿದ್ದು 1965ರ ಮಾರ್ಚ್ 7ರಂದು, ಅಮೆರಿಕದ ಸುಮಾರು 3,500 ಮರೀನ್ ಸೈನಿಕರು ವಿಯೆಟ್ನಾಮಿನ ಡಾ ನಾಂಗ್ ಕಡಲತೀರದಲ್ಲಿ ಇಳಿದದ್ದು ಮಾರ್ಚ್ 8ರಂದು, ಒಂದೇ ಒಂದು ದಿನದ ಅಂತರವಿರುವ ಈ ಎರಡನ್ನೂ ಎರಡು ಬೇರೆ ದೇಶಗಳ ಕಥೆಯಂತೆ ಓದುತ್ತಿರುವುದೇಕೆ ಎಂದು ಕೇಳಿದಳು. ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ತರಗತಿಯಲ್ಲಿ ಮಾತಾಡೋಣ ಎಂದು ಹೇಳಿ ಹೊರಬಂದೆ.

ಆಮೇಲೆ ಹುಡುಕುತ್ತಾ ಹೋದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಶಾಲೆಗಳಲ್ಲಿ ಮಕ್ಕಳನ್ನು ಬಣ್ಣದ ಆಧಾರದ ಮೇಲೆ ಬೇರ್ಪಡಿಸುವುದು ಸಂವಿಧಾನಬಾಹಿರ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ಕೊಟ್ಟ ಬ್ರೌನ್ ತೀರ್ಪಿಗೆ ಮೊದಲು, 1952ರ ಡಿಸೆಂಬರಿನಲ್ಲಿ, ಅಲ್ಲಿನ ನ್ಯಾಯಾಂಗ ಇಲಾಖೆ ತಾನಾಗಿಯೇ ಒಂದು ಲಿಖಿತ ವಾದವನ್ನು ಸಲ್ಲಿಸಿತ್ತಂತೆ. ವರ್ಣಭೇದವು ಕಮ್ಯುನಿಸ್ಟರ ಪ್ರಚಾರಕ್ಕೆ ಸರಕು ಒದಗಿಸುತ್ತಿದೆ ಎಂಬ ಮಾತು ಅದರಲ್ಲಿದೆಯಂತೆ. ಮಕ್ಕಳ ಶಾಲೆಯ ವ್ಯಾಜ್ಯದಲ್ಲಿ ಸೋವಿಯತ್ ಒಕ್ಕೂಟದ ಪ್ರಸ್ತಾಪ ಏಕೆ ಬರಬೇಕು?

ನನ್ನ ಪ್ರಶ್ನೆ ಇಷ್ಟು. ಮಾಸ್ಕೋದ ಜೊತೆಗಿನ ಪೈಪೋಟಿ ಇಲ್ಲದೇ ಹೋಗಿದ್ದರೆ ವಾಷಿಂಗ್ಟನ್ ಕಪ್ಪು ಜನರ ಹಕ್ಕುಗಳ ವಿಷಯದಲ್ಲಿ ಅಲುಗಾಡುತ್ತಿತ್ತೇ? ಅಥವಾ ಹಾಗೆ ಹೇಳಿದರೆ ಬೀದಿಗಿಳಿದು ಹೊಡೆತ ತಿಂದ ಸಾವಿರಾರು ಜನರಿಗೆ ಅನ್ಯಾಯವಾಗುತ್ತದೆಯೇ? ತಿಳಿದವರು ವಿವರವಾಗಿ ಬರೆಯಬೇಕೆಂದು ವಿನಂತಿ.

ಉತ್ತರ – ಧಾರವಾಡದ ವಕೀಲ

ಮೇಡಂ, ನೀವು ಕೇಳಿದ ಆ ಲಿಖಿತ ವಾದವನ್ನು ವಿದ್ಯಾರ್ಥಿಯಾಗಿದ್ದಾಗ ಓದಿದ್ದೇನೆ. ವ್ಯಾಜ್ಯದಲ್ಲಿ ಕಕ್ಷಿದಾರನಲ್ಲದವನು ನ್ಯಾಯಾಲಯಕ್ಕೆ ನೆರವಾಗಲೆಂದು ಸಲ್ಲಿಸುವ ಇಂಥ ವಾದವನ್ನು ನಮ್ಮಲ್ಲೂ ಅಮಿಕಸ್ ಎಂದೇ ಕರೆಯುತ್ತೇವೆ. ಅದರಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಪ್ರಚಾರದ ಸರಕಿನ ಮಾತಲ್ಲ, ರಾಜಧಾನಿಯ ಕುರಿತ ಒಂದು ಭಾಗ. ವಾಷಿಂಗ್ಟನ್ ನಗರದಲ್ಲಿ ಕಪ್ಪು ಮೈಬಣ್ಣದ ವಿದೇಶಿ ಅಧಿಕಾರಿಗಳನ್ನು ಅಮೆರಿಕದ ಕಪ್ಪು ಜನರೆಂದು ತಪ್ಪು ತಿಳಿದು ಊಟ, ವಸತಿ ಕೊಡದೆ ಕಳಿಸುತ್ತಾರೆ, ಅವರು ಅಮೆರಿಕದವರಲ್ಲ ಎಂದು ಗೊತ್ತಾದ ಮೇಲೆ ಒಳಗೆ ಬಿಡುತ್ತಾರೆ ಎಂದು ಸರ್ಕಾರವೇ ಅಲ್ಲಿ ಒಪ್ಪಿಕೊಂಡಿದೆ. ಸ್ವಂತ ನೆಲದಲ್ಲಿ ಪರದೇಶಿಯಾಗಿದ್ದರೆ ಮಾತ್ರ ಮರ್ಯಾದೆ ಎಂಬ ಈ ವಿಚಿತ್ರವನ್ನು ಇಷ್ಟು ನೇರವಾಗಿ ಒಂದು ಸರ್ಕಾರ ಬರೆದುಕೊಟ್ಟದ್ದು ಅಪರೂಪ.

ಆದರೆ ಈ ವಾದ 1952ರಲ್ಲಿ ಹುಟ್ಟಿದ್ದಲ್ಲ. 1946ರಲ್ಲಿ ಹಂಗಾಮಿ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಡೀನ್ ಅಚೆಸನ್, ಉದ್ಯೋಗದಲ್ಲಿ ತಾರತಮ್ಯ ತಡೆಯಲು ರಚಿಸಿದ್ದ ಸಮಿತಿಗೆ ಪತ್ರ ಬರೆದು, ದೇಶದೊಳಗೆ ಅಲ್ಪಸಂಖ್ಯಾತರನ್ನು ನಡೆಸಿಕೊಳ್ಳುವ ರೀತಿಯಿಂದ ಪರರಾಷ್ಟ್ರಗಳ ಎದುರು ತಲೆ ತಗ್ಗಿಸಬೇಕಾಗಿದೆ ಎಂದು ತಿಳಿಸಿದ್ದರು. ಅದೇ ವರ್ಷ ಫೆಬ್ರವರಿಯಲ್ಲಿ ಐಸಾಕ್ ವುಡಾರ್ಡ್ ಎಂಬ ಕಪ್ಪು ಸೈನಿಕ, ಸೇನೆಯಿಂದ ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ, ಇನ್ನೂ ಸಮವಸ್ತ್ರದಲ್ಲೇ ಊರಿನ ಬಸ್ಸು ಹತ್ತಿದ್ದಾಗ, ದಕ್ಷಿಣ ಕೆರೊಲಿನಾದ ಪೊಲೀಸ್ ಮುಖ್ಯಸ್ಥನ ಹೊಡೆತದಿಂದ ಎರಡೂ ಕಣ್ಣು ಕಳೆದುಕೊಂಡರು. ಬಿಳಿಯರೇ ತುಂಬಿದ್ದ ಜ್ಯೂರಿ ಅವನನ್ನು ಖುಲಾಸೆ ಮಾಡಿತು. ಅಧ್ಯಕ್ಷ ಟ್ರೂಮನ್ ಅವರನ್ನು ಈ ಪ್ರಕರಣ ಬಹಳವಾಗಿ ಕಲಕಿತೆಂಬುದು ದಾಖಲಾಗಿದೆ. ಅವರು ಆ ವರ್ಷದ ಡಿಸೆಂಬರಿನಲ್ಲಿ ನೇಮಿಸಿದ ನಾಗರಿಕ ಹಕ್ಕುಗಳ ಸಮಿತಿ 1947ರ ಅಕ್ಟೋಬರಿನಲ್ಲಿ ಕೊಟ್ಟ ವರದಿಯು, ಬದಲಾವಣೆ ಈಗಲೇ ಏಕೆ ಬೇಕು ಎಂಬುದಕ್ಕೆ ಮೂರು ಕಾರಣಗಳನ್ನು ಕೊಟ್ಟಿತು: ನೈತಿಕ, ಆರ್ಥಿಕ ಮತ್ತು ಅಂತರರಾಷ್ಟ್ರೀಯ. ಮನೆ ಮಾರಾಟದ ಕರಾರುಗಳಲ್ಲಿ ಕಪ್ಪು ಜನರಿಗೆ ಮಾರಬಾರದೆಂಬ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು 1948ರಲ್ಲಿ ತೀರ್ಪಾದ ಶೆಲ್ಲಿ ಪ್ರಕರಣದಲ್ಲೂ ಸರ್ಕಾರ ವಿದೇಶಾಂಗ ಸಂಬಂಧಗಳ ಮಾತನ್ನು ಎತ್ತಿತ್ತು. ಆ ಜುಲೈ 26ರಂದು ಸೇನೆಯಲ್ಲಿ ವರ್ಣ ಪ್ರತ್ಯೇಕತೆಯನ್ನು ತೆಗೆದುಹಾಕುವ 9981ನೆಯ ಆದೇಶ ಹೊರಬಿತ್ತು.

ಬ್ರೌನ್ ತೀರ್ಪು 1954ರ ಮೇ 17ರಂದು ಬಂದ ಕೆಲವೇ ಗಂಟೆಗಳಲ್ಲಿ ಸರ್ಕಾರದ ವಾಯ್ಸ್ ಆಫ್ ಅಮೆರಿಕ ರೇಡಿಯೊ ಅದನ್ನು ಹತ್ತಾರು ಭಾಷೆಗಳಲ್ಲಿ ಜಗತ್ತಿಗೆ ಸಾರಿತು. ಮುಂದಿನ ವರ್ಷ ಅದೇ ನ್ಯಾಯಾಲಯ ತೀರ್ಪನ್ನು ಹೇಗೆ ಜಾರಿ ಮಾಡಬೇಕೆಂದು ಹೇಳುವಾಗ ಗಡುವು ಕೊಡದೆ, ‘ವಿವೇಚನೆಯಿಂದ ಕೂಡಿದ ವೇಗದಲ್ಲಿ’ ಎಂಬರ್ಥದ ಪದಗಳನ್ನು ಬಳಸಿತು. ವಕೀಲನಾಗಿ ಹೇಳುತ್ತೇನೆ, ಆದೇಶವನ್ನು ಪಾಲಿಸಲು ಮನಸ್ಸಿಲ್ಲದವನಿಗೆ ಇದಕ್ಕಿಂತ ಒಳ್ಳೆಯ ಪದಪುಂಜ ಸಿಕ್ಕಲಾರದು. ಹತ್ತು ವರ್ಷ ಕಳೆದ ಮೇಲೂ ಹಿಂದೆ ಒಕ್ಕೂಟದಿಂದ ಸಿಡಿದುಹೋಗಿದ್ದ ಹನ್ನೊಂದು ದಕ್ಷಿಣದ ರಾಜ್ಯಗಳಲ್ಲಿ ಬಿಳಿಯ ಮಕ್ಕಳ ಜೊತೆ ಓದುತ್ತಿದ್ದ ಕಪ್ಪು ಮಕ್ಕಳು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಪರಿಸ್ಥಿತಿ ನಿಜವಾಗಿ ಬದಲಾದದ್ದು 1964ರ ಕಾಯ್ದೆಯ ಆರನೆಯ ಅಧ್ಯಾಯವು ಭೇದ ಮಾಡುವ ಸಂಸ್ಥೆಗಳಿಗೆ ಒಕ್ಕೂಟ ಸರ್ಕಾರದ ಹಣ ನಿಲ್ಲಿಸುವ ಅಧಿಕಾರ ಕೊಟ್ಟು, 1965ರ ಶಿಕ್ಷಣ ಕಾಯ್ದೆಯು ಶಾಲೆಗಳಿಗೆ ದೊಡ್ಡ ಮೊತ್ತದ ಹಣ ಕೊಡಲಾರಂಭಿಸಿದ ಮೇಲೆ. 1968ರ ಹೊತ್ತಿಗೆ ಅದೇ ರಾಜ್ಯಗಳಲ್ಲಿ ಆ ಪ್ರಮಾಣ ಮೂರರಲ್ಲೊಂದು ಭಾಗದ ಸಮೀಪಕ್ಕೆ ಏರಿತು. ಹೊರಗಿನವರ ಕಣ್ಣಿಗೆ ತೀರ್ಪು ಸಾಕಾಗಿತ್ತು, ಒಳಗಿನವರಿಗೆ ಹಣದ ಹಗ್ಗವೇ ಬೇಕಾಯಿತು.

ನಡುವಿನ ಲಿಟಲ್ ರಾಕ್ ಪ್ರಕರಣವನ್ನು ನಿಮ್ಮ ವಿದ್ಯಾರ್ಥಿಗಳಿಗೆ ಖಂಡಿತ ಹೇಳಿ. 1957ರ ಸೆಪ್ಟೆಂಬರಿನಲ್ಲಿ ಒಂಬತ್ತು ಕಪ್ಪು ವಿದ್ಯಾರ್ಥಿಗಳನ್ನು ಶಾಲೆಗೆ ಬಿಡದಂತೆ ಅರ್ಕಾನ್ಸಾ ರಾಜ್ಯಪಾಲ ಆರ್ವಲ್ ಫಾಬಸ್ ರಾಜ್ಯದ ಪಡೆಯನ್ನು ನಿಲ್ಲಿಸಿದಾಗ, ಈ ವಿಷಯದಲ್ಲಿ ಉತ್ಸಾಹವೇನೂ ಇಲ್ಲದಿದ್ದ ಅಧ್ಯಕ್ಷ ಐಸೆನ್‌ಹೋವರ್ ಕೊನೆಗೆ ಭೂಸೇನೆಯ 101ನೆಯ ಏರ್‌ಬೋರ್ನ್ (ಪ್ಯಾರಾಟ್ರೂಪರ್) ದಳದ ಸೈನಿಕರನ್ನು ಕಳಿಸಿದರು. ಅಂದಿನ ರಾತ್ರಿ ದೂರದರ್ಶನದಲ್ಲಿ ಮಾತಾಡುತ್ತಾ, ನಮ್ಮ ವೈರಿಗಳು ಈ ಘಟನೆಯನ್ನು ಕಂಡು ಹಿಗ್ಗುತ್ತಿದ್ದಾರೆ, ಇಡೀ ದೇಶಕ್ಕೆ ಮಸಿ ಬಳಿಯಲು ಬಳಸುತ್ತಿದ್ದಾರೆ ಎಂದು ಹೇಳಿದರು. ಹತ್ತು ದಿನಗಳ ನಂತರ ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಉಪಗ್ರಹ ಆಕಾಶಕ್ಕೇರಿತು. ಆದರೆ ಮುಂದಿನ ವರ್ಷ ಫಾಬಸ್ ಲಿಟಲ್ ರಾಕ್ ನಗರದ ಪ್ರೌಢಶಾಲೆಗಳನ್ನೇ ಇಡೀ ಒಂದು ವರ್ಷ ಮುಚ್ಚಿಸಿದಾಗ ವಾಷಿಂಗ್ಟನ್ ಸೈನ್ಯ ಕಳಿಸಲಿಲ್ಲ. ಬೀಗ ಹಾಕಿದ ಶಾಲೆಯ ಮುಂದೆ ಗುಂಪು ಸೇರುವುದಿಲ್ಲವಲ್ಲ, ಛಾಯಾಚಿತ್ರ ತೆಗೆಯಲು ಏನೂ ಇರುವುದಿಲ್ಲ.

ಕಪ್ಪು ಜನರ ಹಿತ ಬಿಳಿಯರ ಹಿತದ ಜೊತೆ ಹೊಂದಿಕೊಂಡಾಗ ಮಾತ್ರ ಕಾನೂನು ಮುಂದೆ ಸರಿಯುತ್ತದೆ ಎಂದು ಕಾನೂನು ಪ್ರಾಧ್ಯಾಪಕ ಡೆರಿಕ್ ಬೆಲ್ 1980ರಲ್ಲಿ ವಾದಿಸಿದರು. ಬ್ರೌನ್ ತೀರ್ಪಿನ ಮಟ್ಟಿಗೆ ಆ ವಾದವನ್ನು ನಾನು ಒಪ್ಪುತ್ತೇನೆ.

ಉತ್ತರ – ಬಾಲ್ಟಿಮೋರ್ ನಿವಾಸಿ

ವಕೀಲರು ಕಡತಗಳ ಮಾತು ಹೇಳಿದ್ದಾರೆ. ನಾನು ಒಂದು ರಸ್ತೆಯ ಮಾತು ಹೇಳುತ್ತೇನೆ. ಹಾಸನ ಜಿಲ್ಲೆಯಿಂದ ಬಂದು ಇಪ್ಪತ್ತು ವರ್ಷಗಳಿಂದ ಮೇರಿಲ್ಯಾಂಡಿನಲ್ಲಿರುವ ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ದಿನವೂ 40ನೆಯ ನಂಬರಿನ ಹೆದ್ದಾರಿಯನ್ನು ದಾಟುತ್ತೇನೆ. ಈಗ ಅದರ ಎರಡೂ ಬದಿಗೆ ಟೈರ್ ಅಂಗಡಿಗಳು, ಹಳೆಯ ಮೋಟೆಲುಗಳು, ಒಂದೆರಡು ಗುಜರಾತಿಗಳ ದಿನಸಿ ಅಂಗಡಿಗಳು. 1961ರಲ್ಲಿ ಈ ರಸ್ತೆ ಶ್ವೇತಭವನಕ್ಕೆ ತಲೆನೋವಾಗಿತ್ತೆಂದು ಇಲ್ಲಿಗೆ ಬಂದ ಎಷ್ಟೋ ವರ್ಷಗಳ ಮೇಲೆ ತಿಳಿಯಿತು.

1960ನೆಯ ಒಂದೇ ವರ್ಷದಲ್ಲಿ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು. ಅವುಗಳ ಪ್ರತಿನಿಧಿಗಳಿಗೆ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಕೆಲಸ, ವಾಷಿಂಗ್ಟನ್ನಿನಲ್ಲಿ ರಾಯಭಾರ ಕಚೇರಿಯ ಕೆಲಸ; ಎರಡರ ನಡುವೆ ಕಾರಿನಲ್ಲಿ ಹೋಗುವವರಿಗೆ ಈ 40ನೆಯ ಹೆದ್ದಾರಿಯೇ ದಾರಿ. ದಾರಿಯ ಉಪಾಹಾರ ಗೃಹಗಳಲ್ಲಿ ಕಪ್ಪು ಜನರಿಗೆ ಕೂತು ಉಣ್ಣಲು ಅವಕಾಶವಿರಲಿಲ್ಲ. ಚಾಡ್ ದೇಶದ ರಾಯಭಾರಿ ಆಡಂ ಮಲಿಕ್ ಸೋ 1961ರ ಬೇಸಿಗೆಯಲ್ಲಿ ಹೀಗೆ ಒಂದು ಕಡೆ ಕಾಫಿಗೆ ನಿಂತಾಗ ಅವರನ್ನು ಹೊರಗೆ ಕಳಿಸಲಾಯಿತು. ಪತ್ರಕರ್ತರು ವಿಚಾರಿಸಿದಾಗ ಅಂಗಡಿಯ ಒಡತಿ ಕೊಟ್ಟ ಸಮಜಾಯಿಷಿಯೆಂದರೆ, ಆತ ನೋಡಲು ಎಲ್ಲ ಕರಿಯರಂತೆಯೇ ಇದ್ದ, ರಾಯಭಾರಿಯೆಂದು ತನಗೆ ಹೇಗೆ ತಿಳಿಯಬೇಕು ಎಂಬುದು. ಅಧ್ಯಕ್ಷ ಕೆನಡಿಯವರ ಮೊದಲ ಪ್ರತಿಕ್ರಿಯೆ, ಈ ರಾಯಭಾರಿಗಳು ವಿಮಾನದಲ್ಲಿ ಹೋಗಬಾರದೇ ಎಂಬುದಾಗಿತ್ತೆಂದು, ಆಗ ಶ್ವೇತಭವನದಲ್ಲಿ ನಾಗರಿಕ ಹಕ್ಕುಗಳ ವಿಷಯ ನೋಡಿಕೊಳ್ಳುತ್ತಿದ್ದ ಹ್ಯಾರಿಸ್ ವಾಫರ್ಡ್ ಮುಂದೆ ಬರೆದಿದ್ದಾರೆ. ಆಮೇಲೆ ವಿದೇಶಾಂಗ ಇಲಾಖೆಯಲ್ಲಿ ಪೆಡ್ರೊ ಸಾನ್‌ಹುವಾನ್ ಎಂಬ ಅಧಿಕಾರಿಗೆ ಇದೇ ಕೆಲಸ ಒಪ್ಪಿಸಲಾಯಿತು. ಅವರ ಕಡೆಯವರು ಈ ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ ಮಾಲೀಕರ ಮನವೊಲಿಸುತ್ತಿದ್ದರು.

ಆ ಆಗಸ್ಟಿನಲ್ಲಿ ಬಾಲ್ಟಿಮೋರಿನ ಕಪ್ಪು ಜನರ ಪತ್ರಿಕೆಯಾದ ಆಫ್ರೋ-ಅಮೆರಿಕನ್‌ನ ಮೂವರು ವರದಿಗಾರರು ಒಂದು ಉಪಾಯ ಮಾಡಿದರು. ಉದ್ದ ನಿಲುವಂಗಿ ತೊಟ್ಟು, ಬಾಡಿಗೆಯ ಐಷಾರಾಮಿ ಕಾರಿನಲ್ಲಿ ಕೂತು, ‘ಗೋಬಾನ್’ ಎಂಬ ಭೂಪಟದಲ್ಲೇ ಇಲ್ಲದ ದೇಶದ ಗಣ್ಯರೆಂದು ಹೇಳಿಕೊಂಡು ಇದೇ ರಸ್ತೆಯ ಹೋಟೆಲುಗಳಿಗೆ ಹೋದರು. ಹೆಚ್ಚಿನ ಕಡೆ ಕುರ್ಚಿ ಎಳೆದು ಕೂರಿಸಿ ಊಟ ಬಡಿಸಿದರು. ಮಾಮೂಲಿ ಉಡುಪಿನಲ್ಲಿ ಹೋಗಿದ್ದರೆ ನೀರೂ ಸಿಗುತ್ತಿರಲಿಲ್ಲ. ಮೇಲೆ ವಕೀಲರು ಹೇಳಿದ, ಸರ್ಕಾರವೇ 1952ರಲ್ಲಿ ಬರೆದುಕೊಟ್ಟ ಸಂಗತಿಯನ್ನು ಈ ಮೂವರು ಮಾಡಿ ತೋರಿಸಿದಂತಾಯಿತು.

ಭಾರತಕ್ಕೂ ಈ ಅನುಭವ ಹೊಸದಲ್ಲ. 1955ರ ಆಗಸ್ಟಿನಲ್ಲಿ ನಮ್ಮ ರಾಯಭಾರಿ ಜಿ. ಎಲ್. ಮೆಹ್ತಾ ಅವರನ್ನು ಹ್ಯೂಸ್ಟನ್ ವಿಮಾನ ನಿಲ್ದಾಣದ ಉಪಾಹಾರ ಗೃಹದಲ್ಲಿ ಬಿಳಿಯರಿಂದ ಬೇರೆಯಾಗಿ ಕೂರಲು ಹೇಳಿದ್ದಕ್ಕೆ ವಿದೇಶಾಂಗ ಕಾರ್ಯದರ್ಶಿ ಡಲಸ್ ಕ್ಷಮೆ ಕೇಳಬೇಕಾಯಿತು. 1957ರಲ್ಲಿ ಘಾನಾದ ಹಣಕಾಸು ಸಚಿವ ಗ್ಬೆಡೆಮಾ ಅವರಿಗೆ ಡೆಲವೇರಿನ ಒಂದು ಹೋಟೆಲಿನಲ್ಲಿ ಕಿತ್ತಳೆ ರಸವನ್ನು ಅಲ್ಲಿ ಕೂತು ಕುಡಿಯಲು ಬಿಡದೇ ಹೋದಾಗ, ಐಸೆನ್‌ಹೋವರ್ ಆ ಸಚಿವರನ್ನು ಶ್ವೇತಭವನಕ್ಕೇ ಕರೆದು ಉಪಾಹಾರ ಕೊಟ್ಟು ಸಮಾಧಾನಪಡಿಸಿದರು. ಸಚಿವರಿಗೆ ಉಪಾಹಾರ ಸಿಕ್ಕಿತು, ಆ ಹೋಟೆಲಿನ ಪಕ್ಕದ ಬೀದಿಯ ಕಪ್ಪು ಕೂಲಿಯವನಿಗೆ ಏನು ಸಿಕ್ಕಿತು ಎಂದು ಯಾರೂ ಕೇಳಲಿಲ್ಲ.

ಕೇಳಿದ್ದು ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ಕೋರ್ ಸಂಘಟನೆಯ ಯುವಕರು. ವಿದೇಶಿಯರಿಗೆ ಕೊಟ್ಟ ಸೌಲಭ್ಯ ನಮಗೂ ಬೇಕು ಎಂದು 1961ರ ನವೆಂಬರಿನಲ್ಲಿ ಅವರು ಈ ರಸ್ತೆಗೆ ನೂರಾರು ಜನರನ್ನು ಕರೆತರುವುದಾಗಿ ಘೋಷಿಸಿದ ಮೇಲೆಯೇ ಹತ್ತಾರು ಮಾಲೀಕರು ಬಾಗಿಲು ತೆರೆಯಲು ಒಪ್ಪಿದರು, ಒಪ್ಪದವರ ಮುಂದೆ ಡಿಸೆಂಬರಿನಲ್ಲಿ ಧರಣಿ ನಡೆಯಿತು. ಮೇರಿಲ್ಯಾಂಡ್ ಶಾಸನಸಭೆ 1963ರಲ್ಲಿ ಮಾಡಿದ ಕಾನೂನು ಕೂಡ ಮೊದಲು ಎಲ್ಲ ಕೌಂಟಿಗಳಿಗೆ ಅನ್ವಯಿಸಲಿಲ್ಲ. ಆದ್ದರಿಂದ ಮೇಡಂ, ಬಾಗಿಲಿನ ಅಗುಳಿಯನ್ನು ವಿದೇಶಾಂಗ ನೀತಿ ಸಡಿಲಿಸಿತು ಎನ್ನುವುದು ಸರಿ. ಆದರೆ ದೂಡದೇ ಇದ್ದಿದ್ದರೆ ಅದು ರಾಯಭಾರಿಗಳು ಹೊಕ್ಕು ಹೊರಬರುವಷ್ಟು ಮಾತ್ರ ತೆರೆದುಕೊಂಡಿರುತ್ತಿತ್ತು.

ಇಲ್ಲಿನವರು ಹೇಳುವ ಒಂದು ಸಂಗತಿಯನ್ನೂ ಸೇರಿಸುತ್ತೇನೆ. 40ನೆಯ ಹೆದ್ದಾರಿಗೆ ಸಮಾನಾಂತರವಾಗಿ ಕಟ್ಟಿದ ಹೊಸ ರಸ್ತೆಯನ್ನು ಕೆನಡಿ 1963ರ ನವೆಂಬರ್ 14ರಂದು ಉದ್ಘಾಟಿಸಿದರು, ಎಂಟು ದಿನಗಳ ನಂತರ ಡಲ್ಲಾಸಿನಲ್ಲಿ ಹತರಾದರು. ಈಗ ಆ ರಸ್ತೆಗೆ ಅವರದೇ ಹೆಸರಿದೆ.

ಉತ್ತರ – ಹಳೆಯ ಸಮಾಜವಾದಿ

ಇಬ್ಬರೂ ಬರೆದದ್ದು ನಿಜವೇ. ಆದರೆ ಎರಡನ್ನೂ ಓದಿದ ಮೇಲೆ ಶೀತಲ ಸಮರವು ಒಟ್ಟಿನಲ್ಲಿ ಕಪ್ಪು ಜನರಿಗೆ ಉಪಕಾರವನ್ನೇ ಮಾಡಿತೆಂಬ ಭಾವನೆ ಉಳಿಯುತ್ತದೆ. ಅದಕ್ಕೆ ನನ್ನ ಆಕ್ಷೇಪವಿದೆ. ಬಾಗಿಲು ತೆರೆದ ಕೈಯೇ ಬಾಯಿ ಮುಚ್ಚಿಸಿದ ಕೈಯೂ ಹೌದು.

1947ರಲ್ಲಿ ಕಪ್ಪು ವಿದ್ವಾಂಸ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರ ನೇತೃತ್ವದಲ್ಲಿ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆ ವಿಶ್ವಸಂಸ್ಥೆಗೆ ಒಂದು ಮನವಿ ಸಲ್ಲಿಸಿ, ಅಮೆರಿಕದ ಕಪ್ಪು ಜನರ ಸ್ಥಿತಿಯನ್ನು ಜಗತ್ತು ವಿಚಾರಿಸಬೇಕೆಂದು ಕೇಳಿತು. ಅದನ್ನು ಎತ್ತಿಕೊಂಡದ್ದು ಸೋವಿಯತ್ ಪ್ರತಿನಿಧಿ. ವಿಚಾರಣೆಗೆ ಬರದಂತೆ ನೋಡಿಕೊಂಡ ಅಮೆರಿಕದ ನಿಯೋಗದಲ್ಲಿ ದಿವಂಗತ ಅಧ್ಯಕ್ಷ ರೂಸ್‌ವೆಲ್ಟ್ ಅವರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಇದ್ದರು, ಅವರು ಅದೇ ಎನ್‌ಎಎಸಿಪಿಯ ಆಡಳಿತ ಮಂಡಳಿಯಲ್ಲೂ ಇದ್ದರು. ಮುಂದಿನ ವರ್ಷ ಡುಬಾಯ್ಸ್ ಅವರನ್ನೇ ಸಂಘಟನೆ ಹೊರಹಾಕಿತು. 1951ರಲ್ಲಿ, ಎಂಬತ್ತು ದಾಟಿದ ಆ ವಿದ್ವಾಂಸರ ಮೇಲೆ ವಿದೇಶಿ ಏಜೆಂಟರೆಂದು ನೋಂದಾಯಿಸಿಕೊಳ್ಳಲಿಲ್ಲ ಎಂಬ ಆರೋಪ ಹೊರಿಸಿ ಕಟಕಟೆಯಲ್ಲಿ ನಿಲ್ಲಿಸಿದರು. ಆರೋಪ ನಿಲ್ಲಲಿಲ್ಲ, ಆದರೂ ಪಾಸ್‌ಪೋರ್ಟ್ 1958ರವರೆಗೆ ಕೈಗೆ ಸಿಗಲಿಲ್ಲ. ಗಾಯಕ ಪಾಲ್ ರೋಬ್ಸನ್ ಅವರ ಪಾಸ್‌ಪೋರ್ಟನ್ನು 1950ರಲ್ಲೇ ಕಿತ್ತುಕೊಂಡಿದ್ದರು. ದೇಶದ ಮಾನ ಹೊರಗೆ ಹೋಗಬಾರದೆಂಬ ಕಾಳಜಿ ಎರಡು ಕೆಲಸ ಮಾಡಿಸಿತು ಎಂಬುದನ್ನು ಗಮನಿಸಿ: ಒಂದೆಡೆ ತೀರ್ಪನ್ನು ರೇಡಿಯೊದಲ್ಲಿ ಸಾರಿಸಿತು, ಇನ್ನೊಂದೆಡೆ ದೂರು ಹೇಳುವವರನ್ನು ದೇಶ ಬಿಟ್ಟು ಹೊರಹೋಗದಂತೆ ತಡೆಯಿತು.

ಇದರ ಪರಿಣಾಮ ಚಳವಳಿಯ ಬೇಡಿಕೆಗಳ ಮೇಲೂ ಆಯಿತು. 1930–40ರ ದಶಕಗಳಲ್ಲಿ ಕಪ್ಪು ಜನರ ಹೋರಾಟವು ಕಾರ್ಮಿಕ ಸಂಘಗಳ ಜೊತೆ ಬೆರೆತು ಕೂಲಿ, ಮನೆ, ಉದ್ಯೋಗಗಳ ಮಾತಾಡುತ್ತಿತ್ತು. ಕಮ್ಯುನಿಸ್ಟ್ ಎಂಬ ಹಣೆಪಟ್ಟಿಯ ಭಯ ಹಬ್ಬಿದ ಮೇಲೆ ಸಾರ್ವಜನಿಕವಾಗಿ ಆಡಲು ಸುರಕ್ಷಿತವಾಗಿ ಉಳಿದದ್ದು ಶಾಲೆ, ಬಸ್ಸು, ಮತಪೆಟ್ಟಿಗೆಗಳ ಮಾತು. ಆ ಹಣೆಪಟ್ಟಿಯನ್ನು ದಕ್ಷಿಣದ ಬಿಳಿಯ ನಾಯಕರು ಮನಸೋಇಚ್ಛೆ ಬಳಸಿದರು. ಟೆನೆಸಿಯ ಹೈಲ್ಯಾಂಡರ್ ಶಾಲೆಯಲ್ಲಿ ಕಿಂಗ್ ಕೂತಿದ್ದ ಒಂದು ಛಾಯಾಚಿತ್ರವನ್ನು, ಕಮ್ಯುನಿಸ್ಟ್ ತರಬೇತಿ ಶಾಲೆಯಲ್ಲಿ ಕಿಂಗ್ ಎಂಬ ಬರಹದೊಂದಿಗೆ ರಸ್ತೆ ಬದಿಯ ದೊಡ್ಡ ಫಲಕಗಳ ಮೇಲೆ ಅಂಟಿಸಿದ್ದರು. ಕಿಂಗ್ ಅವರ ದೂರವಾಣಿ ಕದ್ದಾಲಿಸಲು 1963ರ ಅಕ್ಟೋಬರಿನಲ್ಲಿ ಅಧ್ಯಕ್ಷರ ತಮ್ಮ, ಅಟಾರ್ನಿ ಜನರಲ್ ರಾಬರ್ಟ್ ಕೆನಡಿ ಒಪ್ಪಿಗೆ ಕೊಟ್ಟದ್ದೂ ಇದೇ ನೆಪದಲ್ಲಿ.

ಇನ್ನು, ಮಾಸ್ಕೋದ ಭಯವಿಲ್ಲದಿದ್ದರೆ ಏನೂ ಆಗುತ್ತಿರಲಿಲ್ಲವೇ ಎಂಬ ಮೂಲ ಪ್ರಶ್ನೆ. 1941ರಲ್ಲಿ ಶೀತಲ ಸಮರ ಎಲ್ಲಿತ್ತು? ರೈಲಿನ ಮಲಗುವ ಬೋಗಿಗಳ ಕೆಲಸಗಾರರ ಸಂಘ ಕಟ್ಟಿದ್ದ ಎ. ಫಿಲಿಪ್ ರಾಂಡಾಲ್ಫ್ ಆ ವರ್ಷ ಸಾವಿರಾರು ಜನರನ್ನು ವಾಷಿಂಗ್ಟನ್ನಿಗೆ ತರುವುದಾಗಿ ಎಚ್ಚರಿಸಿದ ಮೇಲೆ, ರಕ್ಷಣಾ ಕಾರ್ಖಾನೆಗಳಲ್ಲಿ ಬಣ್ಣದ ಭೇದ ಮಾಡಬಾರದೆಂಬ ಆದೇಶಕ್ಕೆ ಅಧ್ಯಕ್ಷ ರೂಸ್‌ವೆಲ್ಟ್ ಜೂನ್ 25ರಂದು ಸಹಿ ಹಾಕಿದರು. ಅದೇ ರಾಂಡಾಲ್ಫ್ 1948ರ ಮಾರ್ಚಿನಲ್ಲಿ ಸೆನೆಟ್ ಸಮಿತಿಯ ಮುಂದೆ ನಿಂತು, ಭೇದ ಮಾಡುವ ಸೇನೆಗೆ ಸೇರಬೇಡಿ ಎಂದು ಯುವಕರಿಗೆ ಹೇಳುತ್ತೇನೆ ಎಂದರು. ವಕೀಲರು ಉಲ್ಲೇಖಿಸಿದ ಜುಲೈ 26ರ ಆದೇಶ ಅದರ ನಾಲ್ಕು ತಿಂಗಳ ನಂತರದ್ದು. ಹತ್ತಿಯ ಹೊಲಗಳನ್ನು ಬಿಟ್ಟು ಉತ್ತರದ ನಗರಗಳಿಗೆ ಬಂದ ಕಪ್ಪು ಜನರಿಗೆ ಅಲ್ಲಿ ಮತವಿತ್ತು. 1948ರ ನವೆಂಬರಿನಲ್ಲಿ ಟ್ರೂಮನ್ ಇಲಿನಾಯ್, ಒಹಾಯೊ, ಕ್ಯಾಲಿಫೋರ್ನಿಯಾಗಳನ್ನು ಕೂದಲೆಳೆಯ ಅಂತರದಲ್ಲಿ ಗೆದ್ದರು. ನಾಗರಿಕ ಹಕ್ಕುಗಳ ಠರಾವಿಗೆ ಸಿಟ್ಟಾಗಿ ಪಕ್ಷ ಒಡೆದು ಹೊರಟ ಸ್ಟ್ರಾಮ್ ಥರ್ಮಂಡ್ ನಾಲ್ಕು ದಕ್ಷಿಣದ ರಾಜ್ಯಗಳನ್ನು ಕಸಿದುಕೊಂಡರೂ ಟ್ರೂಮನ್ ಉಳಿದದ್ದು ಹೀಗೆ. ಮತಗಳ ಈ ಲೆಕ್ಕವನ್ನು ಬಿಟ್ಟು ಬರೇ ರಾಜತಂತ್ರದ ಲೆಕ್ಕ ಹಾಕಿದರೆ ತಾಳೆಯಾಗದು.

ವಿಯೆಟ್ನಾಂ ವಿಷಯ ಇಷ್ಟು ಹೊತ್ತಾದರೂ ಯಾರೂ ಎತ್ತಲಿಲ್ಲ, ವಿದ್ಯಾರ್ಥಿನಿಯ ಪ್ರಶ್ನೆ ಇದ್ದದ್ದೇ ಅಲ್ಲಿ. 1963ರ ಜೂನ್ 11ರ ಭಾಷಣದಲ್ಲಿ ಕೆನಡಿ, ವಿಯೆಟ್ನಾಮಿಗೋ ಪಶ್ಚಿಮ ಬರ್ಲಿನ್ನಿಗೋ ಅಮೆರಿಕನ್ನರನ್ನು ಕಳಿಸುವಾಗ ಬಿಳಿಯರು ಮಾತ್ರ ಬನ್ನಿ ಎನ್ನುವುದಿಲ್ಲವಲ್ಲ ಎಂದು ಕೇಳಿದ್ದರು. ನಾಲ್ಕು ವರ್ಷಗಳೊಳಗೆ ಆ ಮಾತು ತಿರುಗಿ ಬಂತು. ಯುದ್ಧದ ಮೊದಲ ವರ್ಷಗಳಲ್ಲಿ ಸತ್ತವರಲ್ಲಿ ಕಪ್ಪು ಸೈನಿಕರ ಪ್ರಮಾಣ ಜನಸಂಖ್ಯೆಯಲ್ಲಿನ ಅವರ ಪಾಲಿಗಿಂತ ಎದ್ದು ಕಾಣುವಷ್ಟು ಹೆಚ್ಚಿತ್ತು. ಬಡತನದ ವಿರುದ್ಧ ಅಧ್ಯಕ್ಷ ಜಾನ್ಸನ್ ಹೂಡಿದ ಯೋಜನೆಗಳಿಗೆ ಮೀಸಲಾಗಬೇಕಾದ ಹಣ ಯುದ್ಧಕ್ಕೆ ಹರಿಯಿತು. 1967ರಲ್ಲಿ ಅವರು ಆದಾಯ ತೆರಿಗೆಯ ಮೇಲೆ ಶೇಕಡಾ 10ರ ಹೆಚ್ಚುವರಿ ಕೇಳಿದಾಗ, ಕೊಡುವ ಮುನ್ನ ಸಂಸತ್ತು ಖರ್ಚಿನಲ್ಲಿ 600 ಕೋಟಿ ಡಾಲರ್ ಕಡಿತಕ್ಕೆ ಪಟ್ಟು ಹಿಡಿಯಿತು. 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಕಿಂಗ್ ಇದನ್ನೆಲ್ಲ ಬಿಡಿಸಿ ಹೇಳಿದರು. ಆಗ ನೋಡಿ ಬಂಡವಾಳ ಬಯಲಾದದ್ದು. ಬಸ್ಸಿನ ಆಸನದ ಬಗ್ಗೆ ಮಾತಾಡಿದಾಗ ಹೊಗಳಿದ ದೊಡ್ಡ ಪತ್ರಿಕೆಗಳೇ, ಪರದೇಶದ ಯುದ್ಧದ ಬಗ್ಗೆ ಮಾತಾಡುವುದು ನಿಮ್ಮ ಕೆಲಸವಲ್ಲ ಎಂಬ ಧಾಟಿಯಲ್ಲಿ ಸಂಪಾದಕೀಯ ಬರೆದವು. ಎನ್‌ಎಎಸಿಪಿಯ ಮಂಡಳಿಯೂ ದೂರ ಸರಿಯಿತು. ಅಂದಿಗೆ ಸರಿಯಾಗಿ ಒಂದು ವರ್ಷಕ್ಕೆ ಕಿಂಗ್ ಮೆಂಫಿಸ್ಸಿನಲ್ಲಿ ಕೊಲೆಯಾದರು; ಅವರು ಅಲ್ಲಿಗೆ ಹೋದದ್ದು ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲವಾಗಿ.

ನಮ್ಮ ಕಡೆಯ ಒಂದು ಎಳೆಯನ್ನು ಹೇಳದೆ ಮುಗಿಸಲಾರೆ. ಕಾಗೋಡು ಸತ್ಯಾಗ್ರಹದಲ್ಲಿ ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ ಅದೇ 1951ರಲ್ಲಿ ಅಮೆರಿಕಕ್ಕೂ ಹೋಗಿ, ಅಲ್ಲಿನ ಕಪ್ಪು ಜನರ ಕಾಲೇಜುಗಳಲ್ಲಿ ಸವಿನಯ ಕಾನೂನುಭಂಗದ ಮಾತಾಡಿದರು. ಆ ಪ್ರವಾಸದಲ್ಲಿ ಅವರ ಜೊತೆಗಿದ್ದವರು ಬಾಲ್ಟಿಮೋರಿನವರು ಮೇಲೆ ಹೆಸರಿಸಿದ ಹ್ಯಾರಿಸ್ ವಾಫರ್ಡ್. 1964ರ ಮೇ ತಿಂಗಳಲ್ಲಿ ಲೋಹಿಯಾ ಮತ್ತೆ ಹೋದಾಗ ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ ಬಿಳಿಯರಿಗೆ ಮಾತ್ರ ಮೀಸಲಾದ ಹೋಟೆಲಿಗೆ ಧೋತಿಯುಟ್ಟೇ ಹೋದರು, ಒಳಗೆ ಬಿಡಲಿಲ್ಲ. ಮರುದಿನ ಮತ್ತೆ ಹೋಗಿ ಬಂಧನಕ್ಕೊಳಗಾದರು. ವಿದೇಶಾಂಗ ಇಲಾಖೆ ಎಂದಿನಂತೆ ಕ್ಷಮೆ ಕೇಳಿತು. ಮೆಹ್ತಾ ಅವರದು ಆಕಸ್ಮಿಕ, ಲೋಹಿಯಾ ಅವರದು ಬೇಕೆಂದೇ ಮಾಡಿದ್ದು. ಆಗ ಸೆನೆಟ್ಟಿನಲ್ಲಿ ನಾಗರಿಕ ಹಕ್ಕುಗಳ ಮಸೂದೆಯನ್ನು ದಕ್ಷಿಣದ ಸದಸ್ಯರು ಭಾಷಣ ಮಾಡುತ್ತಲೇ ತಡೆದಿದ್ದರು. ಜೂನ್ 10ರಂದು 71–29 ಮತಗಳಿಂದ ಆ ತಡೆ ಮುರಿಯಿತು, ಜುಲೈ 2ರಂದು ಜಾನ್ಸನ್ ಸಹಿ ಹಾಕಿದರು.

ಉತ್ತರ – ಸಂಗೀತ ಪ್ರಿಯ

ಒಂದು ಸಣ್ಣ ಸೇರ್ಪಡೆ. ಅಮೆರಿಕ ತನ್ನ ಹೆಸರು ಉಳಿಸಿಕೊಳ್ಳಲು ಕಪ್ಪು ಜಾಝ್ ಕಲಾವಿದರನ್ನು ಸರ್ಕಾರದ ಖರ್ಚಿನಲ್ಲಿ ಹೊರದೇಶಗಳಿಗೆ ಕಳಿಸುತ್ತಿತ್ತು. 1956ರಲ್ಲಿ ಡಿಝಿ ಗಿಲೆಸ್ಪಿ ಮೊದಲಿಗರಾಗಿ ಹೊರಟರು. ಲೂಯಿ ಆರ್ಮ್‌ಸ್ಟ್ರಾಂಗ್ ಅವರನ್ನು ಸೋವಿಯತ್ ಒಕ್ಕೂಟಕ್ಕೆ ಕಳಿಸುವ ಮಾತುಕತೆ ನಡೆದಿದ್ದಾಗಲೇ ಲಿಟಲ್ ರಾಕ್ ಘಟನೆ ನಡೆಯಿತು. ಎಂದೂ ರಾಜಕೀಯ ಮಾತಾಡದ, ಸದಾ ನಗುವ ಮನುಷ್ಯನೆಂದು ಕಪ್ಪು ಯುವಕರಿಂದಲೇ ಟೀಕೆಗೊಳಗಾಗಿದ್ದ ಅವರು, ನನ್ನ ಜನರನ್ನು ದಕ್ಷಿಣದಲ್ಲಿ ಹೀಗೆ ನಡೆಸಿಕೊಳ್ಳುವ ಸರ್ಕಾರ ಹಾಳಾಗಿ ಹೋಗಲಿ ಎಂದು ಪತ್ರಕರ್ತನೊಬ್ಬನಿಗೆ ಹೇಳಿ ಪ್ರವಾಸವನ್ನು ತಿರಸ್ಕರಿಸಿದರು. ಸೈನ್ಯ ಹೋದ ಮೇಲೆ ಐಸೆನ್‌ಹೋವರ್ ಅವರಿಗೆ ಮೆಚ್ಚುಗೆಯ ತಂತಿಯನ್ನೂ ಕಳಿಸಿದರು. ಸರ್ಕಾರಕ್ಕೆ ತನ್ನ ಮಾನದ ಚಿಂತೆ ಎಷ್ಟಿದೆಯೆಂದು ತಿಳಿದವರು ಆ ಚಿಂತೆಯನ್ನೇ ಹಿಡಿದು ಅಲುಗಾಡಿಸಿದರು; ಅವರನ್ನು ಬರೀ ದಾಳಗಳೆಂದು ತಿಳಿಯಬಾರದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಉತ್ತರಗಳನ್ನು ಮುದ್ರಿಸಿ ತರಗತಿಗೆ ಒಯ್ದಿದ್ದೆ. ಗೋಬಾನ್ ದೇಶದ ಕಥೆ ಕೇಳಿ ಮಕ್ಕಳು ನಕ್ಕರು, ಆಮೇಲೆ ಒಬ್ಬ ಹುಡುಗ ತನ್ನೂರಿನ ಹೋಟೆಲಿನಲ್ಲಿ ಎರಡು ಬಗೆಯ ಲೋಟಗಳಿದ್ದ ಕಾಲವನ್ನು ಅಜ್ಜ ಹೇಳುತ್ತಿದ್ದುದನ್ನು ನೆನಪಿಸಿಕೊಂಡಾಗ ಸುಮ್ಮನಾದರು.

ಹಳೆಯ ಸಮಾಜವಾದಿಯವರ ಮಾತಿನಲ್ಲಿ ಒಂದನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ಬೇಡಿಕೆಗಳು ಶಾಲೆ, ಬಸ್ಸುಗಳಿಗೆ ಕುಗ್ಗಿದ್ದು ಕೇವಲ ಭಯದಿಂದ ಎಂದರೆ, ಮಾಂಟ್ಗೊಮರಿಯಲ್ಲಿ 381 ದಿನ ಬಸ್ಸು ಹತ್ತದೆ ನಡೆದೇ ಕೆಲಸಕ್ಕೆ ಹೋದ ಮನೆಗೆಲಸದ ಹೆಂಗಸರಿಗೆ ಆ ಆಸನ ಎಷ್ಟು ಮುಖ್ಯವಾಗಿತ್ತೆಂಬುದು ಮರೆತುಹೋಗುತ್ತದೆ. ಅವರಿಗೆ ಅದನ್ನು ಯಾರೂ ಸುರಕ್ಷಿತ ಬೇಡಿಕೆಯೆಂದು ಆರಿಸಿಕೊಟ್ಟಿರಲಿಲ್ಲ. ಆದರೆ ಡುಬಾಯ್ಸ್ ಅವರ ವಿಷಯದಲ್ಲಿ ಅವರು ಹೇಳಿದ್ದಕ್ಕೆ ಎದುರು ಮಾತಿಲ್ಲ, ಅದರ ಮುಂದಿನ ಭಾಗವನ್ನು ಓದುತ್ತಾ ಹೋದಾಗ ನನ್ನ ವಿದ್ಯಾರ್ಥಿನಿಯ ತಾರೀಕುಗಳಂಥದೇ ಇನ್ನೊಂದು ಜೋಡಿ ಸಿಕ್ಕಿತು. 1961ರಲ್ಲಿ ಅಮೆರಿಕವನ್ನು ಬಿಟ್ಟು ಘಾನಾಕ್ಕೆ ಹೋಗಿದ್ದ ಡುಬಾಯ್ಸ್ 1963ರ ಆಗಸ್ಟ್ 27ರಂದು ಅಕ್ರಾ ನಗರದಲ್ಲಿ ತೀರಿಕೊಂಡರು. ಮರುದಿನ ವಾಷಿಂಗ್ಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದ ಆ ಪ್ರಸಿದ್ಧ ಸಭೆಯಲ್ಲಿ ಸಾವಿನ ಸುದ್ದಿಯನ್ನು ಪ್ರಕಟಿಸಿದವರು ಎನ್‌ಎಎಸಿಪಿಯ ಮುಖ್ಯಸ್ಥ ರಾಯ್ ವಿಲ್ಕಿನ್ಸ್, ಅಂದರೆ ಹದಿನೈದು ವರ್ಷಗಳ ಹಿಂದೆ ಡುಬಾಯ್ಸ್ ಅವರನ್ನು ಹೊರಹಾಕಿದ್ದ ಅದೇ ಸಂಘಟನೆಯ ನಾಯಕರು. ಕೊನೆಯ ವರ್ಷಗಳಲ್ಲಿ ಅವರು ಬೇರೆ ದಾರಿ ಹಿಡಿದರೂ, ಈ ಶತಮಾನದ ಆರಂಭದಲ್ಲಿ ಇಂದಿನ ಈ ಗುರಿಯತ್ತ ನಮ್ಮನ್ನು ಕರೆದ ಧ್ವನಿ ಅವರದೇ ಎಂಬ ಅರ್ಥದ ಮಾತುಗಳನ್ನು ವಿಲ್ಕಿನ್ಸ್ ಆಡಿದರು.

ಸೆಲ್ಮಾ ಮತ್ತು ಡಾ ನಾಂಗ್ ಪಾಠವನ್ನು ಸೋಮವಾರ ಒಟ್ಟಿಗೇ ತೆಗೆದುಕೊಳ್ಳುತ್ತಿದ್ದೇನೆ. ಆ ‘ಬೇರೆ ದಾರಿ’ ಎಂಬ ಪದದಿಂದಲೇ ಪಾಠ ಶುರು ಮಾಡುವ ಯೋಚನೆಯಿದೆ.